ಕಳಚುರಿ ಬಿಜ್ಜಳ: ಒಂದು ಮರುಕದ ಓದು

ಇಂಡಿ, ಸಿಂದಗಿ, ಬಾಗೇವಾಡಿಗಳ ಸೀಮೆ ಒಂದು ಕಾಲದ ತರ್ದವಾಡಿ ಸಾಸಿರ ನಾಡು. ಬಸವನ ಬಾಗೇವಾಡಿ ತಾಲ್ಲೂಕಿನ ನರಸಲಗಿ ಶಾಸನದಲ್ಲಿ (ಕ್ರಿ.ಶ. 965) ಇದನ್ನು ಆಳುತ್ತಿದ್ದ ರಾಷ್ಟ್ರಕೂಟ ಸಾಮಂತ ಇಮ್ಮಡಿ ತೈಲಪನು ಕಾಣಿಸುತ್ತಾನೆ. 973ರಲ್ಲಿ ಅವನು ತನ್ನ ಒಡೆಯರ ಸಿಂಹಾಸನವನ್ನೇ ಕಸಿದನು. ಎರಡು ಶತಮಾನಗಳ ತರುವಾಯ ಅದೇ ವಂಶದ ಮುಮ್ಮಡಿ ತೈಲಪನಿಗೆ ಕಳಚುರಿ ಬಿಜ್ಜಳನು ಮಾಡಿದ್ದೂ ಅದನ್ನೇ. ಮಂಗಳವಾಡದ ಮಹಾಮಂಡಳೇಶ್ವರನು 1162ರ ವೇಳೆಗೆ ಕಲ್ಯಾಣದ ಚಕ್ರವರ್ತಿ! ಆದರೆ ಚರಿತ್ರೆಯು ಮೊದಲಿನವನನ್ನು ವಂಶೋದ್ಧಾರಕನೆಂದಿತು, ಬಿಜ್ಜಳನನ್ನು ಸ್ವಾಮಿದ್ರೋಹಿಯೆಂದಿತು.

ವೀರಶೈವ ಪುರಾಣಗಳಲ್ಲಿ ಅವನು ಕ್ರೂರಿ. ಧರಣಿ ಪಂಡಿತನ ಜೈನಕೃತಿ ‘ಬಿಜ್ಜಳರಾಯಚರಿತೆ’ಯಲ್ಲಿ ವಂಚನೆಗೆ ಬಲಿಯಾದವನು. (ಅವನು ಜೈನನೆಂಬ ಮಾತಿಗೆ ಶಾಸನಗಳ ಬೆಂಬಲ ದುರ್ಬಲವೆಂಬುದನ್ನು ಜೈನ ಓದುಗರೂ ಒಪ್ಪಬೇಕು.)

ಬಾಗೇವಾಡಿಯ ಬಸವಣ್ಣನಿಗೆ ಭಂಡಾರವನ್ನೊಪ್ಪಿಸಿದ ಅರಸನೇ ಹರಳಯ್ಯ-ಮಧುವರಸರಿಗೆ ಘೋರ ಶಿಕ್ಷೆ ವಿಧಿಸಿದ್ದೇಕೆ? ಆಸ್ಥಾನದ ಚಾಡಿಕೋರರು ಕಿವಿಯೂದಿದರೆಂದು ಪರಂಪರೆ ಹೇಳುತ್ತದೆ. ಅವರ ಮಾತು ನಾಟಿದ್ದಕ್ಕೆ ಕಾರಣವುಂಟು: ಕಸಿದ ಪೀಠಕ್ಕೆ ವಂಶದ ಹಕ್ಕಿರಲಿಲ್ಲ, ಹಳೆಯ ಆಸ್ಥಾನಿಕರ ಸಮ್ಮತಿಯೊಂದೇ ಆಸರೆ. ಅದಕ್ಕಾಗಿ ಅವನು ವಿವೇಕವನ್ನು ಒತ್ತೆಯಿಟ್ಟನು. ಅಪರಾಧ ಅವನದೇ, ಸಂದೇಹವಿಲ್ಲ. ಮರುಕ ಹುಟ್ಟುವುದು ಅವನಿಗೆ ಬಸವಣ್ಣನ ಬೆಲೆ ತಿಳಿದಿತ್ತೆಂಬುದರಿಂದ. ಗಿರೀಶ ಕಾರ್ನಾಡರ ‘ತಲೆದಂಡ’ (1990) ಈ ಸಂಕಟವನ್ನು ಗುರುತಿಸಿದೆ.

1167-68ರಲ್ಲಿ ಪಟ್ಟ ಮಗ ಸೋವಿದೇವನಿಗೆ ಹೋಯಿತು. ಇನ್ನೂ ಎರಡು ದಶಕ ಕಳೆಯುವ ಮೊದಲೇ ಚಾಲುಕ್ಯ ನಾಲ್ವಡಿ ಸೋಮೇಶ್ವರನು ಕಲ್ಯಾಣಕ್ಕೆ ಮರಳಿದನು.