ಬೋರ್ಡೋ ವೈನ್: ದರ್ಜೆ ನೋಡಬೇಡಿ, ರುಚಿ ನೋಡಿ

ನಮ್ಮ ಅಡಿಕೆ ತೋಟಗಳಿಗೆ ಹೊಡೆಯುವ ಬೋರ್ಡೋ ದ್ರಾವಣ ಗೊತ್ತಲ್ಲ? ಅದು ಹುಟ್ಟಿದ್ದು ಫ್ರಾನ್ಸ್‌ನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಅಲ್ಲಿ ವೈನ್ ಕೊಳ್ಳುವ ಮುನ್ನ ಒಂದು ಇಸವಿ ನೆನಪಿಡಿ: 1855.

ಆ ವರ್ಷದ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ದಲ್ಲಾಳಿಗಳು, ಮುಖ್ಯವಾಗಿ ಮೆಡಾಕ್ ಭಾಗದ ಕೆಂಪು ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಅಳತೆಗೋಲು ಮಾರುಕಟ್ಟೆ ಬೆಲೆ. ಆಮೇಲೆ ಮೇಲಿನ ದರ್ಜೆಗೆ ಏರಿದ್ದು ಒಂದೇ ಒಂದು ತೋಟ: 1973ರಲ್ಲಿ ಮೂಟೊನ್ ರಾಥ್‌ಶೀಲ್ಡ್. ಒಮ್ಮೆ ಕಟ್ಟಿದ ಶ್ರೇಣಿ ಎಷ್ಟು ಗಟ್ಟಿ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ!

ಹಾಗಾದ್ರೆ ಕಡಿಮೆ ದುಡ್ಡಿಗೆ, ಕೆಲವು ವರ್ಷ ಇಟ್ಟು ಕುಡಿಯುವಂಥದ್ದು ಎಲ್ಲಿ ಸಿಗುತ್ತೆ? ಫ್ರೋನ್ಸಾಕ್, ಕ್ಯಾಸ್ಟಿಯೋಂ ಕಡೆ ಹೋಗಿ. ಪ್ರಸಿದ್ಧ ಸೇಂಟ್ ಎಮಿಲಿಯೋಂಗೆ ಇವು ಹತ್ತಿರ. ಅಲ್ಲಿನ ಹಾಗೆಯೇ ಇಲ್ಲೂ ಮೆರ್ಲೊ ದ್ರಾಕ್ಷಿಯೇ ಹೆಚ್ಚು. ಅಷ್ಟು ಹೆಸರಿಲ್ಲ, ಹಾಗಾಗಿ ಬೆಲೆಯೂ ಕಡಿಮೆ. ಮೆಡಾಕ್‌ನದೇ ಬೇಕಿದ್ದರೆ ಲೇಬಲ್ ಮೇಲೆ ‘ಕ್ರೂ ಬೂರ್ಜ್ವಾ’ ಹುಡುಕಿ. ಹೆಸರು ಬೂರ್ಜ್ವಾ ಆದರೂ ದೊಡ್ಡ ದರ್ಜೆಯವುಗಳಷ್ಟು ದುಬಾರಿಯಲ್ಲ. ತೋಟಗಳಿಗೆ ಹೋಗುವ ಮುನ್ನ ಸಮಯ ಕೇಳಿಕೊಳ್ಳಿ.

ರುಚಿ ನೋಡುವಾಗ ಒಗರು, ಹುಳಿ, ಹಣ್ಣಿನ ಸ್ವಾದ ಮೂರೂ ಇವೆಯಾ ಗಮನಿಸಿ. ಬರೀ ಒಗರಿದ್ದರೆ ಎಷ್ಟು ವರ್ಷ ಇಟ್ಟರೂ ಮಾಗಲ್ಲ. ತಂದ ಬಾಟಲಿಯನ್ನು ಕತ್ತಲಲ್ಲಿ ಮಲಗಿಸಿ, ಸುಮಾರು 12-13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಿ. ಅಂಥ ಜಾಗ ಇಲ್ಲವೇ? ನಮ್ಮ ಬೇಸಿಗೆಯ ಕಪಾಟು ವೈನ್ ಮಾಗಿಸಲ್ಲ, ಕೆಡಿಸುತ್ತೆ. ಆಗ ಗೆಳೆಯರನ್ನು ಕರೆದು ಬೇಗ ಮುಗಿಸೋದೇ ಲಾಭ.