ಮಿರಜಿನ ಗಂಡ, ಅಥಣಿಯ ಕೋರ್ಟು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಂದಿ ರಾಜ್ಯದ ಗಡಿ ನೋಡಿ ಸಂಬಂಧ ಬೆಳೆಸಿದವರಲ್ಲ. ಬೀಗರು ಗಡಿಯಾಚೆಯ ಮಿರಜಿನಲ್ಲಿ, ಇಚಲಕರಂಜಿಯಲ್ಲಿ, ಕೊಲ್ಲಾಪುರದಲ್ಲಿ. ಕೈಗಡ, ಉದ್ರಿ ವ್ಯವಹಾರವೂ ಅಲ್ಲಿಯವರ ಜೊತೆಗೇ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕ) ಸೇರಿದಾಗ ನೆಂಟಸ್ತಿಕೆ ಇದ್ದಲ್ಲೇ ಉಳಿಯಿತು, ಕೋರ್ಟುಗಳು ಮಾತ್ರ ಎರಡು ಹೈಕೋರ್ಟುಗಳ ಪಾಲಾದವು. ಈ ಭಾಗದಲ್ಲಿ ಸಂಸಾರ ಮುರಿದವರ ಮತ್ತು ಕೊಟ್ಟ ಸಾಲ ಬಾರದವರ ಕೋರ್ಟಿನ ದಾರಿ ಹೇಗೆ ಬೆಳೆಯಿತು ಎಂದು ನೋಡುವವರು ಈ ಗೆರೆಯನ್ನು ಮರೆಯುವಂತಿಲ್ಲ.

ಕಾನೂನುಗಳು ಬರುವ ಮುಂಚೆ ವಿಚ್ಛೇದನ ಎಂದರೆ ಪಂಚರ ಕಟ್ಟೆ. ಅನೇಕ ಸಮುದಾಯಗಳಲ್ಲಿ ಸೋಡಚಿಟ್ಟಿ (ಬಿಡುಗಡೆ ಪತ್ರ) ಬರೆದುಕೊಟ್ಟರೆ ಬಿಡುಗಡೆ ಆದಂತೆ. ಹೆಣ್ಣು ಉಡಿಕೆಯಾಗಿ ಬೇರೆ ಮನೆ ಸೇರಬಹುದಿತ್ತು. ಶಾಸ್ತ್ರ ಹಿಡಿದ ಮೇಲುಜಾತಿಗಳ ಹೆಂಗಸರಿಗೆ ಆ ದಾರಿಯೂ ಇರಲಿಲ್ಲ. ಚಿಕ್ಕೋಡಿ, ಅಥಣಿ ಬ್ರಿಟಿಷರ ಆಡಳಿತದಲ್ಲಿದ್ದರೆ ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಶಾಹು ಮಹಾರಾಜರು ತಮ್ಮ ಕೊನೆಯ ವರ್ಷಗಳಲ್ಲೇ ಅಂತರ್ಜಾತಿ ವಿವಾಹ, ವಿಚ್ಛೇದನಗಳಿಗೆ ಕಾನೂನು ಮಾಡಿದ್ದರು. ಬ್ರಿಟಿಷ್ ಭಾಗ ಕಾಯಬೇಕಾದದ್ದು ಮುಂಬಯಿ ಪ್ರಾಂತ್ಯದ 1947ರ ಹಿಂದೂ ವಿಚ್ಛೇದನ ಕಾಯ್ದೆಯವರೆಗೆ. ಸಂಸ್ಥಾನ ಎಂದರೆ ಹಿಂದುಳಿದದ್ದು ಎಂದು ಬಗೆಯುವವರು ಇದನ್ನು ಗಮನಿಸಬೇಕು.

1955ರ ಹಿಂದೂ ವಿವಾಹ ಕಾಯ್ದೆ ಮುಂಬಯಿ ಕಾಯ್ದೆಯನ್ನು ರದ್ದುಮಾಡಿ ಹೆಚ್ಚುಕಡಿಮೆ ದೇಶಕ್ಕೆಲ್ಲ ಒಂದೇ ನಿಯಮ ತಂದಿತು. ವೀರಶೈವ, ಲಿಂಗಾಯತ ಎಂದು ಹೆಸರಿಸಿಯೇ ಅದರೊಳಗೆ ಸೇರಿಸಿದೆ, ಜೈನರನ್ನೂ ಸೇರಿಸಿದೆ. ಕೃಷ್ಣಾ ತೀರದ ಈ ಊರುಗಳಿಗೆ ಅದು ದೊಡ್ಡ ಮಾತು. ಆದರೆ ಗಂಡ ಹೊಡೆಯುತ್ತಾನೆ, ಬಿಟ್ಟುಹೋಗಿದ್ದಾನೆ ಎಂದರೆ ಆಗ ನೇರ ವಿಚ್ಛೇದನ ಸಿಗುತ್ತಿರಲಿಲ್ಲ. ಮೊದಲು ನ್ಯಾಯಿಕ ಪ್ರತ್ಯೇಕತೆ, ಆಮೇಲೆ ಕಾಯುವಿಕೆ. ಕ್ರೌರ್ಯ, ಪರಿತ್ಯಾಗಗಳೇ ವಿಚ್ಛೇದನದ ಕಾರಣಗಳಾದದ್ದು, ಇಬ್ಬರೂ ಒಪ್ಪಿ ಬೇರೆಯಾಗುವ 13ಬಿ ಕಲಂ ಬಂದದ್ದು 1976ರಲ್ಲಿ. ಒಪ್ಪಿಗೆಯ ಅರ್ಜಿಗೂ 6 ತಿಂಗಳ ಕಾಯುವಿಕೆ ಇತ್ತು. ತಕ್ಕ ಪ್ರಕರಣದಲ್ಲಿ ಅದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು.

ಸೋಡಚಿಟ್ಟಿ ಸತ್ತಿಲ್ಲ. ಸಮುದಾಯದ ಹಳೆಯ ರೂಢಿಯನ್ನು ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಉಳಿಸಿದೆ. ಆದರೆ ರೂಢಿ ಇತ್ತೆಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಸ್ಟಾಂಪು ಪೇಪರಿನ ಮೇಲೆ ನಾಲ್ಕು ಮಂದಿ ಸಹಿ ಹಾಕಿ ‘ಇನ್ನು ಸಂಬಂಧವಿಲ್ಲ’ ಎಂದು ಬರೆದರೆ, ರೂಢಿಯ ಆಧಾರವಿಲ್ಲದಿದ್ದಾಗ ಆ ಕಾಗದಕ್ಕೆ ಬೆಲೆ ಇಲ್ಲ. ಅದನ್ನು ನಂಬಿ ಎರಡನೇ ಮದುವೆ ಆದವಳಿಗೆ, ಮೊದಲ ಮದುವೆ ಮುರಿದೇ ಇಲ್ಲವೆಂಬುದು ಆಸ್ತಿಯ ಅಥವಾ ಪಿಂಚಣಿಯ ಪ್ರಶ್ನೆ ಎದ್ದಾಗಲೇ ತಿಳಿಯುವುದು. ಈ ಕಾಗದಗಳಿಂದ ಆದ ಅನಾಹುತ ಕೆಟ್ಟ ತೀರ್ಪುಗಳಿಂದ ಆದದ್ದಕ್ಕಿಂತ ಹೆಚ್ಚು ಎಂದೇ ನನ್ನ ಎಣಿಕೆ.

ನನ್ನ ಮಟ್ಟಿಗೆ ಈ ಭಾಗದ ಹೆಂಗಸರಿಗೆ ಎಲ್ಲಕ್ಕಿಂತ ಉಪಕಾರಿಯಾದದ್ದು ಅದೇ ಕಾಯ್ದೆಯ 2003ರ ತಿದ್ದುಪಡಿ. ಅಲ್ಲಿಯವರೆಗೆ ಮದುವೆಯಾದ ಊರು, ಎದುರುದಾರ ಇರುವ ಊರು, ಇಬ್ಬರೂ ಕೊನೆಗೆ ಕೂಡಿದ್ದ ಊರು ಇವುಗಳಲ್ಲೇ ಸಾಮಾನ್ಯವಾಗಿ ಅರ್ಜಿ ಹಾಕಬೇಕಿತ್ತು. ಮಿರಜಿನಲ್ಲಿ ಮದುವೆಯಾಗಿ ಅಲ್ಲೇ ಬಾಳಿ ತವರಿಗೆ ಮರಳಿದವಳು ತಾರೀಖು ತಾರೀಖಿಗೂ ಗಡಿ ದಾಟಿ ಅದೇ ಗಂಡನ ಊರಿಗೆ ಹೋಗಬೇಕಿತ್ತು. ಈಗ ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರೇ ಕೇಳುತ್ತಾರೆ.

ಆದರೆ ಗಂಡ ಮೊದಲೇ ಮಿರಜಿನಲ್ಲಿ ‘ಹೆಂಡತಿ ಬಂದು ಸಂಸಾರ ಮಾಡಲಿ’ ಎಂದು ದಾವೆ ಹೂಡಿದ್ದರೆ? ಒಂದು ಬಸ್ಸಿನ ದಾರಿಯ ಆ ಮೊಕದ್ದಮೆಯನ್ನು ಅಥಣಿಗೆ ವರ್ಗಾಯಿಸುವ ಅಧಿಕಾರ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠಕ್ಕಿಲ್ಲ, ಮುಂಬಯಿ ಹೈಕೋರ್ಟಿಗೂ ಇಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಂ ಪ್ರಕಾರ ದಿಲ್ಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು. ಬೀಡಿ ಕಟ್ಟಿ ಬದುಕುವ ನಿಪ್ಪಾಣಿಯ ಹೆಣ್ಣುಮಗಳಿಗೆ ಇದನ್ನು ಹೇಗೆ ವಿವರಿಸುವುದು!

ಸಣ್ಣ ಹಣದ ದಾವೆಗಳ ಚರಿತ್ರೆ ಇಷ್ಟು ಏರಿಳಿತದ್ದಲ್ಲ. 1887ರ ಲಘು ವ್ಯವಹಾರ ನ್ಯಾಯಾಲಯ ಕಾಯ್ದೆ ಬೇಗ ವಿಚಾರಣೆ, ಬೇಗ ತೀರ್ಪು ಎಂಬ ಉದ್ದೇಶದ್ದು. ವಿಚ್ಛೇದನ, ಜೀವನಾಂಶಗಳನ್ನು ಅದು ಆಗಲೇ ಹೊರಗಿಟ್ಟಿತ್ತು. ಕರ್ನಾಟಕಕ್ಕೆ ತನ್ನದೇ ಕಾಯ್ದೆ ಬಂದದ್ದು 1964ರಲ್ಲಿ. 1989ರಿಂದ ಚೆಕ್ ಬೌನ್ಸ್ ಅಪರಾಧವಾದ ಮೇಲೆ ಸಾಲ ಕೊಟ್ಟವರು ಸಿವಿಲ್ ದಾವೆಗಿಂತ ಅದನ್ನೇ ಹಿಡಿದರು. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸು, ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. 2015ರ ತಿದ್ದುಪಡಿಯ ನಂತರ ಚೆಕ್ಕನ್ನು ಖಾತೆಗೆ ಹಾಕಿದವನ ಬ್ಯಾಂಕು ಶಾಖೆ ಇರುವ ಊರಿನಲ್ಲೇ ಕೇಸು. ಇಚಲಕರಂಜಿಯ ವ್ಯಾಪಾರಿ ಕೊಟ್ಟ ಚೆಕ್ಕಿಗೆ ಚಿಕ್ಕೋಡಿಯಲ್ಲೇ ದೂರು ಕೊಡಬಹುದು. ಬರೀ ಕೈಗಡಕ್ಕಾದರೆ ಸಿವಿಲ್ ದಾವೆಯೇ ಗತಿ, ಅದಕ್ಕೆ 3 ವರ್ಷದ ಮಿತಿ.

ಎರಡೂ ಬಗೆಯ ಜಗಳಗಳು ಒಂದೇ ಕಡೆ ಸೇರಿದ್ದು ಲೋಕ ಅದಾಲತ್ತಿನಲ್ಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಜಾರಿಯಾದದ್ದು 1995ರ ನವೆಂಬರ್ 9ರಂದು. ಅಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟು ಶುಲ್ಕವೂ ವಾಪಸು. ಪಂಚರ ಕಟ್ಟೆ ಕೋರ್ಟಿನ ಅಂಗಳಕ್ಕೆ ಬಂತೆಂದು ಹೊಗಳುವುದುಂಟು. ಸಾಲದ ಮಟ್ಟಿಗೆ ನಾನೂ ಹೊಗಳುತ್ತೇನೆ. ಹೊಡೆತ ತಿಂದವಳನ್ನು ‘ಹೊಂದಿಕೊಂಡು ಹೋಗಮ್ಮ’ ಎಂದು ಕಳಿಸುವ ಕಟ್ಟೆಯ ಗುಣವೂ ಜೊತೆಗೆ ಬಂದರೆ ಅದು ನ್ಯಾಯವಲ್ಲ.

ಇನ್ನು ದುರ್ಬಲ ಕೊಂಡಿ ಎಂದರೆ ವಸೂಲಿ. ಅಥಣಿಯ ಹಣದ ಡಿಕ್ರಿಯನ್ನು ಸಾಂಗ್ಲಿ ಜಿಲ್ಲೆಯ ಆಸ್ತಿಯ ಮೇಲೆ ನಡೆಸಲು ಅಲ್ಲಿಯ ಕೋರ್ಟಿಗೆ ವರ್ಗ ಮಾಡಿಸಿ ಮತ್ತೆ ಅಮಲ್ಜಾರಿ ಅರ್ಜಿ ಹಾಕಬೇಕು. ಜಪ್ತಿಗೂ ಮಿತಿಯಿದೆ: ಅಡುಗೆ ಪಾತ್ರೆ, ಹಾಸಿಗೆ, ರೈತನ ಎತ್ತು, ಬೀಜ, ಚಪ್ಪಲಿ ಹೊಲಿಯುವವನ ಉಪಕರಣ ಮುಟ್ಟುವಂತಿಲ್ಲ. ಈ ಮಿತಿ ಸರಿಯಾದದ್ದೇ. ಜೀವನಾಂಶದ ಆದೇಶ ಹಗುರ: ಅದರ ಪ್ರತಿ ಹಿಡಿದು ಗಂಡ ಇರುವ ಊರಿನ ಮ್ಯಾಜಿಸ್ಟ್ರೇಟರ ಬಳಿಗೇ ಹೋಗಬಹುದು. ತಿಂಗಳಿಗೆ 500 ರೂಪಾಯಿಯ ಹಳೆಯ ಮಿತಿ 2001ರಲ್ಲೇ ಹೋಗಿದೆ. ಜೀವನಾಂಶದ ಆ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಂ 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಆದರೆ ಬಾಕಿ ಹಣಕ್ಕೆ ಅದು ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ವಾರಂಟ್ ಸಿಗದು. ತವರಿನಲ್ಲಿ ಕೂತು ದಾರಿ ನೋಡುವವರು ಕಳೆದುಕೊಳ್ಳುವುದು ಇಲ್ಲೇ.

ಧಾರವಾಡದಲ್ಲಿ 2008ರಲ್ಲಿ ಸಂಚಾರಿ ಪೀಠ ಬಂದು 2013ರಲ್ಲಿ ಕಾಯಂ ಆಯಿತು. ಕೊಲ್ಲಾಪುರಕ್ಕೂ 2025ರ ಆಗಸ್ಟ್‌ನಲ್ಲಿ ಮುಂಬಯಿ ಹೈಕೋರ್ಟಿನ ಪೀಠ ಬಂದಿದೆ. ಎರಡೂ ಹೈಕೋರ್ಟುಗಳು ಈಗ ಗಡಿಯ ಹತ್ತಿರಕ್ಕೆ ಬಂದಿವೆ. ಡಿಕ್ರಿ ವರ್ಗಾವಣೆಗೆ, ಗಡಿಯಾಚೆಯ ನೋಟಿಸು ಮುಟ್ಟಿಸಲು ಒಂದು ನೇರ ವ್ಯವಸ್ಥೆಯನ್ನು ಕೂಡಿ ಮಾಡಬೇಕು. ಅಲ್ಲಿಯವರೆಗೆ ಓದುಗರಿಗೆ ಹೇಳುವುದಿಷ್ಟು: ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸ್ಟಾಂಪು ಪೇಪರು ಕೊಳ್ಳುವ ಮುಂಚೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಒಮ್ಮೆ ಹೋಗಿ ಕೇಳಿ.