ಅರ್ಧ ಹೊಟ್ಟೆಯವರ ಊಟ

ಹೊಟ್ಟೆಗೆ ಕತ್ತರಿ ಬಿದ್ದು ಮನೆಗೆ ಬಂದವರು ಹೇಗೆ ಉಣ್ಣಬೇಕು ಎಂಬುದು ದಕ್ಷಿಣದ ಮನೆಗಳಿಗೆ ಹೊಸ ಪ್ರಶ್ನೆಯಲ್ಲ. ತೂಕ ಇಳಿಸುವ ಆಪರೇಷನ್ ಎಂದರೆ ಇವತ್ತು ಚೆನ್ನೈಯ ದೊಡ್ಡ ಆಸ್ಪತ್ರೆಗಳ ಜಾಹೀರಾತು ಫಲಕಗಳು ನೆನಪಾಗುತ್ತವೆ. ಅದಕ್ಕೂ ಎಷ್ಟೋ ಮುಂಚೆ, ಮೈಮೇಲೆ ಕೊಬ್ಬೆಂಬುದೇ ಕಾಣದ ಕಾಲದಲ್ಲಿ, ಮೈಸೂರು, ಮದರಾಸು, ತಿರುವಾಂಕೂರುಗಳಲ್ಲಿ ಅರ್ಧ ಹೊಟ್ಟೆ ಇಟ್ಟುಕೊಂಡು ಸಂಸಾರ ನಡೆಸಿದವರು ಬಹಳ ಜನ ಇದ್ದರು. ನಮ್ಮ ತಂದೆ ಅವರಲ್ಲೊಬ್ಬರು. ನಮ್ಮ ಮನೆಯಲ್ಲಿ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ನಿವೃತ್ತಿಯ ಹೊಸ್ತಿಲಲ್ಲಿ ಸಕ್ಕರೆ ಕಾಯಿಲೆ, ಮಂಡಿನೋವು, ಭಾರದ ಮೈ ಹೊತ್ತು ನಾನೂ ಚೆನ್ನೈಯಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡೆ. ಡಯಟೀಷಿಯನ್ ಕೊಟ್ಟ ಹಾಳೆಯಲ್ಲಿದ್ದ ಮುಕ್ಕಾಲು ಮಾತು ನಮ್ಮಮ್ಮ ಆಗಲೇ ಆಡಿದ್ದ ಮಾತೇ ಆಗಿತ್ತು. ಹಾಗಾಗಿ ಈ ಆಪರೇಷನ್ನಿನ ಹಿಂದಿನ ಕಥೆ ಹುಡುಕಿ ಓದಲು ಕೂತೆ.

ಅಣ್ಣನದು ಹೊಟ್ಟೆಹುಣ್ಣು. ನಡುರಾತ್ರಿ ಎದ್ದು ಗೋಡೆಗೊರಗಿ ಕೂತು, ಒಂದು ಲೋಟ ಹಾಲು ಕುಡಿದು ನೋವು ಇಳಿಯುವುದನ್ನು ಕಾಯುತ್ತಿದ್ದರು. ಜೇಬಿನಲ್ಲಿ ಸದಾ ಅಡಿಗೆ ಸೋಡದ ಪೊಟ್ಟಣ ಇರುತ್ತಿತ್ತು. ಬೆಳಿಗ್ಗೆ ತಿಂದದ್ದು ಸಂಜೆಗೆ ಹಾಗೇ ವಾಂತಿಯಾಗತೊಡಗಿದಾಗ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಗೆ ಸೇರಿಸಿದರು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂದು ಅದರ ಹೆಸರು. 1906ರಲ್ಲಿ ಶುರುವಾಯಿತು, ಮೈಸೂರಿನವರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆಯೇ. ಅಲ್ಲಿ 1951ರಿಂದ 1967ರವರೆಗೆ ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಸರ್ಜನ್ ಕೆಲಸ ಮಾಡಿದರು.

ಟೋವಿ ಕೈಗೆ ಬಂದ ರೋಗಿಯ ಹೊಟ್ಟೆ ಕೊಯ್ದು ಸುಮ್ಮನಾದವರಲ್ಲ. ದಕ್ಷಿಣದಲ್ಲಿ ಇಷ್ಟೊಂದು ಜನಕ್ಕೆ ಹುಣ್ಣು ಏಕೆ, ಪಂಜಾಬಿನಲ್ಲಿ ಏಕಿಲ್ಲ ಎಂದು ಕೇಳಿಕೊಂಡರು. ದೇಶದ ಬೇರೆ ಬೇರೆ ಕಡೆಯ ವೈದ್ಯರಿಂದ ಲೆಕ್ಕ ತರಿಸಿ ನೋಡಿದರೆ, ಪಾಲಿಷ್ ಮಾಡಿದ ಅಕ್ಕಿ ಉಣ್ಣುವ ಸೀಮೆಗಳಲ್ಲಿ ಹುಣ್ಣು ಹೆಚ್ಚು, ತವುಡು ತೆಗೆಯದ ಗೋಧಿ ತಿನ್ನುವ ಕಡೆ ಕಡಿಮೆ. ಅದೇ ಪ್ರಶ್ನೆ ಇಟ್ಟುಕೊಂಡು ಅವರು ಆಮೇಲೆ ದಶಕಗಟ್ಟಲೆ ಬರೆದರು. ಅವರಿಗಿಂತ ಮುಂಚೆ ಇಂದಿನ ಕನ್ಯಾಕುಮಾರಿ ಜಿಲ್ಲೆಯ ನೆಯ್ಯೂರಿನಲ್ಲಿ ಹೋವರ್ಡ್ ಸೋಮರ್‌ವೆಲ್ ಇದೇ ಕೆಲಸ ಮಾಡುತ್ತಿದ್ದರು. 1922 ಮತ್ತು 1924ರಲ್ಲಿ ಎವರೆಸ್ಟ್ ಏರಲು ಹೋದ ತಂಡಗಳಲ್ಲಿದ್ದ ಮನುಷ್ಯ ಅವರು. ಹಿಮಾಲಯ ಬಿಟ್ಟು ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ನೆಲೆಸಿ, ಹುಣ್ಣಿನ ರೋಗಿಗಳಿಗೆ ಆಪರೇಷನ್ ಮಾಡುತ್ತ ಹೊಟ್ಟೆಯ ಶಸ್ತ್ರಚಿಕಿತ್ಸೆಯ ಮೇಲೆ ಪುಸ್ತಕವನ್ನೇ ಬರೆದರು. ಮದರಾಸಿನಲ್ಲಿ, 1664ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗೆ ಹುಟ್ಟಿ ಈಗ ಸೆಂಟ್ರಲ್ ಸ್ಟೇಷನ್ ಎದುರು ನಿಂತಿರುವ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ, ಮುಂದೆ ಎನ್. ರಂಗಭಾಷ್ಯಂ ಜಠರ ಮತ್ತು ಕರುಳಿನ ಶಸ್ತ್ರಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಕಟ್ಟಿದರು. ಇಷ್ಟೆಲ್ಲ ನಡೆದದ್ದು ಅಕ್ಕಿ ಉಂಡು ಬಡಕಲಾಗಿದ್ದ ನಮ್ಮ ಜನರ ಹೊಟ್ಟೆಗಳ ಮೇಲೆ.

ಅಣ್ಣನ ಹೊಟ್ಟೆಯ ಅರ್ಧಕ್ಕಿಂತ ಹೆಚ್ಚು ಭಾಗ ತೆಗೆದು, ಉಳಿದದ್ದನ್ನು ಸಣ್ಣ ಕರುಳಿಗೆ ಜೋಡಿಸಿ ಹೊಲಿದಿದ್ದರು. ಮನೆಗೆ ಬಂದ ಮೇಲೆ ಅವರ ಜವಾಬ್ದಾರಿಯೆಲ್ಲ ಅಮ್ಮನದು. ನನ್ನ ಅನ್ನಪ್ರಾಶನದ ಬೆಳ್ಳಿ ಬಟ್ಟಲನ್ನು ಅಲಮಾರಿನಿಂದ ತೆಗೆದು ಅದನ್ನೇ ಅಳತೆ ಮಾಡಿಕೊಂಡರು. ಒಂದು ಸಲಕ್ಕೆ ಆ ಬಟ್ಟಲಿನಷ್ಟು, ದಿನಕ್ಕೆ ಆರು ಹೊತ್ತು. ಮೊದಲು ಗಂಜಿಯ ತಿಳಿ, ಬೇಳೆಕಟ್ಟು. ಆಮೇಲೆ ರಾಗಿ ಅಂಬಲಿ. ಆಮೇಲೆ ಬೆರಳಲ್ಲಿ ಮಿದ್ದ ಮೊಸರನ್ನ. ಊಟದ ಪಕ್ಕ ನೀರಿನ ಚೊಂಬು ಇಡುತ್ತಿರಲಿಲ್ಲ. ಅಣ್ಣ ಕೈಚಾಚಿದರೆ “ಏನೂಂದ್ರೆ, ನೀರು ಆಮೇಲೆ. ಈಗ ಕುಡಿದರೆ ತಿಂದದ್ದೆಲ್ಲ ಜಾರಿಹೋಗತ್ತೆ” ಅನ್ನುತ್ತಿದ್ದರು. ಆಸ್ಪತ್ರೆಯ ನರ್ಸ್ ಒಬ್ಬರು ಕೂರಿಸಿಕೊಂಡು ಹೇಳಿಕೊಟ್ಟದ್ದನ್ನು ಅಮ್ಮ ಒಂದಕ್ಷರ ಬಿಡದೆ ಪಾಲಿಸಿದರು.

ಒಮ್ಮೆ ನಂಜನಗೂಡಿನ ಮದುವೆಯೊಂದರಲ್ಲಿ ಬೀಗರು ಬಲವಂತ ಮಾಡಿ ಅಣ್ಣನ ಎಲೆಗೆ ಪಾಯಸ ಬಡಿಸಿದರು. ಉಂಡು ಸ್ವಲ್ಪ ಹೊತ್ತಿಗೆ ಅವರ ಹಣೆಯಲ್ಲಿ ಬೆವರು ಸಾಲುಗಟ್ಟಿತು, ಎದೆ ಹೊಡೆದುಕೊಳ್ಳತೊಡಗಿತು, ಮುಖ ಬಿಳಿಚಿತು. ಛತ್ರದ ಜಮಖಾನದ ಮೇಲೆ ಮಲಗಿಸಿ ಗಾಳಿ ಬೀಸಿದರು. ಹೃದಯಾಘಾತವೆಂದು ಅರ್ಧ ಮದುವೆಮನೆ ಅಲ್ಲಿ ನೆರೆಯಿತು. ವೈದ್ಯರು ಇದನ್ನು ಡಂಪಿಂಗ್ ಅನ್ನುತ್ತಾರೆ. ಹೊಟ್ಟೆಯ ಬಾಗಿಲಲ್ಲಿ ತಡೆಯುವ ಸ್ನಾಯು ಇಲ್ಲದ್ದರಿಂದ ಸಿಹಿ ಒಮ್ಮೆಲೇ ಕರುಳಿಗೆ ಇಳಿಯುತ್ತದೆ. ಅದನ್ನು ತೆಳು ಮಾಡಲು ಕರುಳು ರಕ್ತದಿಂದ ನೀರು ಸೆಳೆಯುತ್ತದೆ. ಬೆವರು, ಡವಡವ, ತಲೆಸುತ್ತು ಎಲ್ಲ ಅದರಿಂದ. ಒಂದು ಲೋಟ ಪಾಯಸ ಇಷ್ಟು ಮಾಡಬಲ್ಲದೆಂದು ನಾನು ಆವತ್ತೇ ನೋಡಿದ್ದೆ.

ನಾನು ಮದರಾಸಿಗೆ ಬಂದದ್ದು ಕೆಲಸ ಹಿಡಿದು, ಮೌಂಟ್ ರೋಡಿನ ಎಲ್‌ಐಸಿ ಕಟ್ಟಡಕ್ಕೆ. ಪಾಲಿಸಿ ಕೇಳಿ ಬಂದವರ ವೈದ್ಯಕೀಯ ವರದಿ ಓದುವುದು ನನ್ನ ಮೇಜಿನ ಕೆಲಸ. ಶುರುವಿನ ವರ್ಷಗಳಲ್ಲಿ ಹಿಂದಿನ ಶಸ್ತ್ರಚಿಕಿತ್ಸೆ ಎಂಬ ಕಾಲಂನಲ್ಲಿ ಹುಣ್ಣಿನ ಆಪರೇಷನ್ ಮತ್ತೆ ಮತ್ತೆ ಬರುತ್ತಿತ್ತು. ತಂಜಾವೂರಿನ ಮೇಷ್ಟರು, ಪೆರಂಬೂರಿನ ರೈಲ್ವೆ ನೌಕರರು, ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲಿಟ್ಟ ನಮ್ಮವರು. ಬರಬರುತ್ತ ಅದು ಕಾಣೆಯಾಯಿತು. ಎಪ್ಪತ್ತರ ದಶಕದ ಕೊನೆಗೆ ಆಮ್ಲ ತಗ್ಗಿಸುವ ಸಿಮೆಟಿಡಿನ್ ಮಾತ್ರೆ ಬಂತು. 1982ರಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಹುಣ್ಣಿನ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆಯೆಂದು ಕಂಡುಕೊಂಡರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಹೊಟ್ಟೆ ಕೊಯ್ಯಬೇಕಿದ್ದ ಕಾಯಿಲೆ ಒಂದೆರಡು ವಾರದ ಮಾತ್ರೆಗೆ ಇಳಿಯಿತು. ಆಪರೇಷನ್ ಹೋದದ್ದು ಒಳ್ಳೆಯದೇ. ಅದರ ಜೊತೆಗೆ ಅರ್ಧ ಹೊಟ್ಟೆಯವರಿಗೆ ಅಡಿಗೆ ಮಾಡಿ ಗೊತ್ತಿದ್ದ ಹೆಂಗಸರ ತಿಳಿವಳಿಕೆಯೂ ಹೋಯಿತು. ಯಾರೂ ಅದನ್ನು ಬರೆದಿಡಲಿಲ್ಲ. ಇದು ನನಗೆ ಇಂದಿಗೂ ನೋವು ಕೊಡುವ ವಿಷಯ.

ಆ ಆಪರೇಷನ್ ಬೇರೆ ಬಾಗಿಲಿಂದ ವಾಪಸು ಬಂತು. ಅಮೆರಿಕದ ಅಯೋವಾದ ಸರ್ಜನ್ ಎಡ್ವರ್ಡ್ ಮೇಸನ್, ಹುಣ್ಣಿಗಾಗಿ ಹೊಟ್ಟೆ ಕತ್ತರಿಸಿಕೊಂಡವರು ಮತ್ತೆ ಮೈ ತುಂಬಿಕೊಳ್ಳುವುದಿಲ್ಲ ಎಂಬುದನ್ನು ಗಮನಿಸಿದ್ದರು. 1966ರಲ್ಲಿ ಅದನ್ನೇ ಉಪಾಯ ಮಾಡಿ ತೀರಾ ದಪ್ಪಗಿದ್ದವರಿಗೆ ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದರು. ಅಣ್ಣ ಮೈಸೂರಿನಲ್ಲಿ ಬೆಳ್ಳಿ ಬಟ್ಟಲಿನಲ್ಲಿ ಉಣ್ಣುತ್ತಿದ್ದ ಕಾಲವೂ ಅದೇ. ಅಣ್ಣನ ಪಾಲಿಗೆ ಶಿಕ್ಷೆಯಾಗಿದ್ದ ಅಡ್ಡಪರಿಣಾಮ ಅಲ್ಲಿ ಚಿಕಿತ್ಸೆಯಾಯಿತು. 1994ರ ಹೊತ್ತಿಗೆ ಹೊಟ್ಟೆ ಸೀಳದೆ, ಸಣ್ಣ ತೂತುಗಳ ಮೂಲಕವೇ ಅದನ್ನು ಮಾಡುವುದು ಬಂತು. 1995ರಲ್ಲಿ ಅಲ್ಲಿನ ಇನ್ನೊಬ್ಬ ಸರ್ಜನ್ ವಾಲ್ಟರ್ ಪೋರೀಸ್, ಬೈಪಾಸ್ ಆದವರಲ್ಲಿ ಸಕ್ಕರೆ ಕಾಯಿಲೆ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆಂದು ತೋರಿಸಿದರು. ಈ ಸುದ್ದಿ ಚೆನ್ನೈಗೆ ನಾಟದೆ ಇರಲಾರದು. ವೈದ್ಯ ಎಂ. ವಿಶ್ವನಾಥನ್ 1954ರಷ್ಟು ಹಿಂದೆಯೇ ರಾಯಪುರಂನಲ್ಲಿ ಸಕ್ಕರೆ ಕಾಯಿಲೆಗೆಂದೇ ಆಸ್ಪತ್ರೆ ತೆರೆದ ಊರು ಇದು.

ಬೈಪಾಸ್ ಆಪರೇಷನ್ನಿನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚೀಲ ಉಳಿಸುತ್ತಾರೆ. ಎರಡು ದೊಡ್ಡ ಚಮಚದಷ್ಟು. ನನಗೂ ಮೊದಲು ಬೇಳೆಕಟ್ಟು, ಸೋಸಿದ ಸಾರು, ತೆಳು ಮಜ್ಜಿಗೆ. ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಗಟ್ಟಿ ಊಟಕ್ಕೆ ಬರಲು ಒಂದೂವರೆ ಎರಡು ತಿಂಗಳು ಬೇಕು. ಕಷ್ಟವಾದದ್ದು ಹಸಿವಿನಿಂದಲ್ಲ, ನೀರಿನಿಂದ. ಚೆನ್ನೈಯ ಅಗ್ನಿನಕ್ಷತ್ರದ ಬಿಸಿಲಲ್ಲಿ ಗಟಗಟನೆ ಕುಡಿಯುವ ಹಾಗಿಲ್ಲ. ಊಟಕ್ಕೂ ನೀರಿಗೂ ನಡುವೆ ಅರ್ಧ ಗಂಟೆಯಾದರೂ ಬಿಡಬೇಕು. ಬಾಟಲಿ ಮಡಿಲಲ್ಲಿಟ್ಟುಕೊಂಡು ಇಡೀ ದಿನ ಗುಟುಕು ಗುಟುಕಾಗಿ ಕುಡಿಯುವುದೇ ಒಂದು ಉದ್ಯೋಗವಾಯಿತು.

ಇಡ್ಲಿ ಹಗುರ ಎಂದು ನಂಬಿ ಬೆಳೆದ ನಮಗೆ ಇನ್ನೊಂದು ಪಾಠ ಕಾದಿತ್ತು. ಸರಿಯಾಗಿ ಅಗಿಯದಿದ್ದರೆ ಇಡ್ಲಿ, ಮುದ್ದೆಯಾದ ಅನ್ನ ಎರಡೂ ಎದೆಗೂಡಿನ ಕೆಳಗೆ ಉಂಡೆಗಟ್ಟಿ ನಿಲ್ಲುತ್ತವೆ. ಬಾಯಿ ತುಂಬ ನೊರೆಯಂಥ ಜೊಲ್ಲು ಬರುತ್ತದೆ. ಎದ್ದು ನಿಂತು ಅದು ಇಳಿಯುವವರೆಗೆ ಓಡಾಡಬೇಕು. ಗರಿಯಾದ ಪುಟ್ಟ ದೋಸೆ ಅದಕ್ಕಿಂತ ಸಲೀಸು. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ಒಂದು ಬಟ್ಟಲು ಬೇಳೆಯಲ್ಲಿ ಸಿಗುವುದು ಆರೇಳು ಗ್ರಾಂ ಅಷ್ಟೆ. ಮೊಟ್ಟೆ ಮುಟ್ಟದವರಿಗೆ ಪನೀರು, ಗಟ್ಟಿ ಮೊಸರು, ಪ್ರೋಟೀನ್ ಪುಡಿ ಬಿಟ್ಟು ಗತಿಯಿಲ್ಲ. ಸಾಲದೆ ಹೋದರೆ ಮೂರು ನಾಲ್ಕನೇ ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಬಾಚಣಿಗೆಗೆ ಬರುತ್ತದೆ. ನನಗೂ ಬಂತು, ಆಮೇಲೆ ನಿಂತಿತು. ಮರೀನಾದಲ್ಲಿ ವಾಕಿಂಗ್ ಮುಗಿಸಿ ಸುಂಡಲ್ ಕೊಳ್ಳುವ ಅಭ್ಯಾಸ ಆಗಲೇ ಆದದ್ದು. ಒಂದು ಪೊಟ್ಟಣ ಕಡಲೆ ಸುಂಡಲ್ ಮೂರು ಹೊತ್ತಿಗೆ ಆಗುತ್ತದೆ.

ಈ ಊರಿನ ಹೋಟೆಲುಗಳ ಬಗ್ಗೆ ಒಂದು ಮಾತು. ಕಡಂದಲೆಯಿಂದ ಬಂದ ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್‌ನ ಡ್ರೈವ್-ಇನ್, ಅದು 2008ರಲ್ಲಿ ಮುಚ್ಚುವವರೆಗೂ, ಮದರಾಸಿನ ಕನ್ನಡಿಗರಿಗೆ ಕಾಫಿಗಿಂತ ಹೆಚ್ಚಾಗಿ ಭೇಟಿಯ ಜಾಗ. ಗಂಟೆಗಟ್ಟಲೆ ಕೂತರೂ ಎಬ್ಬಿಸುತ್ತಿರಲಿಲ್ಲ. ನಿಧಾನವಾಗಿ ಉಣ್ಣುವ ನನ್ನಂಥವರಿಗೆ ಬೇಕಾದದ್ದು ಅಂಥ ಜಾಗವೇ. ಈಗಿನ ಹೋಟೆಲುಗಳಲ್ಲಿ ಮಿನಿ ಟಿಫಿನ್ ಇದೆ, ಅದು ದೊಡ್ಡ ಉಪಕಾರ. ಕಷ್ಟ ಇರುವುದು ಮದುವೆಮನೆಯಲ್ಲಿ. ಮೈಲಾಪುರದ ಒಂದು ಮದುವೆಯಲ್ಲಿ ನನ್ನ ಸೋದರತ್ತೆ ಹೋಳಿಗೆ ಹಿಡಿದು ನಿಂತರು: “ಇಷ್ಟು ತಿಂದರೆ ಹೇಗಮ್ಮಾ? ಒಂದೇ ಒಂದು ಹಾಕಿಸ್ಕೊ, ನನ್ನ ಮಾತಿಗೆ.” ನಂಜನಗೂಡಿನ ಛತ್ರ ನೋಡಿದ್ದ ನಾನು ಎಲೆಗೆ ಕೈ ಅಡ್ಡ ಇಟ್ಟೆ. ಅತ್ತೆ ಬೇಜಾರು ಮಾಡಿಕೊಂಡರು. ಅವರ ಪ್ರೀತಿ ದೊಡ್ಡದು. ಆದರೆ ಆ ಪ್ರೀತಿಗೆ ಸೋತು ಉಂಡ ಅಣ್ಣನ ಮುಖ ನಾನು ಮರೆಯಲಾರೆ.

ಇನ್ನು ಜೀವಮಾನದುದ್ದ ನಡೆಯಬೇಕಾದ ಕೆಲಸ. ಬೈಪಾಸ್ ಆದವರಲ್ಲಿ ಆಹಾರ ಕರುಳಿನ ಮೊದಲ ಭಾಗವನ್ನು ದಾಟಿ ಹೋಗುತ್ತದೆ. ಕಬ್ಬಿಣ ಮುಖ್ಯವಾಗಿ ಹೀರಿಕೆಯಾಗುವುದು ಅಲ್ಲೇ. ಬಿ12 ಮೈಗೆ ಹತ್ತಲು ಹೊಟ್ಟೆಯ ರಸ ಬೇಕು, ಅದೂ ಸಾಲದು. ಹಾಗಾಗಿ ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಕೊನೆಯವರೆಗೂ ತೆಗೆದುಕೊಳ್ಳಬೇಕು. ನಾನು ನುಂಗುವ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇದೆ. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ತಂಡದ ಮುಂದಾಳು ಯಲ್ಲಾಪ್ರಗಡ ಸುಬ್ಬರಾವ್ ಓದಿದ್ದು ಮದರಾಸು ಮೆಡಿಕಲ್ ಕಾಲೇಜಿನಲ್ಲಿ. ಖಾದಿ ತೊಟ್ಟ ತಪ್ಪಿಗೆ ಪೂರ್ಣ ಪದವಿ ಸಿಗದೆ ಎಲ್‌ಎಂಎಸ್ ಸರ್ಟಿಫಿಕೇಟಿನೊಂದಿಗೆ ಹೊರಬಿದ್ದ ಹುಡುಗ ಅವರು. ಮೂಳೆಯ ವಿಚಾರ ಬಂದರೆ ಮತ್ತೆ ಟೋವಿಯವರೇ. ಇಂಗ್ಲೆಂಡಿಗೆ ಮರಳಿದ ಮೇಲೆ ಹೊಟ್ಟೆ ತೆಗೆಸಿಕೊಂಡವರ ಮೂಳೆ ಏಕೆ ಸವೆಯುತ್ತದೆ ಎಂಬುದರ ಮೇಲೆ ಅವರು ಕೆಲಸ ಮಾಡಿದರು. ಅಣ್ಣನಿಗೆ ಇಳಿವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಗ ಅದನ್ನು ಹಳೆಯ ಆಪರೇಷನ್ನಿಗೆ ಯಾರೂ ಜೋಡಿಸಿ ನೋಡಲಿಲ್ಲ. ಇನ್ನೊಂದು ಎಚ್ಚರಿಕೆಯೂ ಉಂಟು. ಮಂಡಿನೋವಿಗೆಂದು ಅಂಗಡಿಯಿಂದ ಬ್ರೂಫೆನ್ ಥರದ ಮಾತ್ರೆ ತಂದು ನುಂಗಿದರೆ, ಹೊಟ್ಟೆ ಮತ್ತು ಕರುಳಿನ ಜೋಡಣೆಯ ಜಾಗದಲ್ಲಿ ಹುಣ್ಣು ಏಳಬಹುದು.

ಎರಡು ಸಾವುಗಳನ್ನು ಇಲ್ಲಿ ಹೇಳಲೇಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಕೊಬ್ಬನ್ನು ಹೀರಿ ತೆಗೆಯುವುದು ಮೈಯ ಆಕಾರಕ್ಕೆ ಸಂಬಂಧಿಸಿದ್ದು, ಹೊಟ್ಟೆಯ ಆಪರೇಷನ್ ಬೇರೆ. ಜನ ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. 2024ರ ಏಪ್ರಿಲ್‌ನಲ್ಲಿ ಪುದುಚೇರಿಯ ಯುವಕನೊಬ್ಬ ತೂಕ ಇಳಿಸುವ ಆಪರೇಷನ್ನಿಗೆ ಚೆನ್ನೈ ಹೊರವಲಯದ ಖಾಸಗಿ ಆಸ್ಪತ್ರೆಗೆ ಬಂದು ಜೀವ ಕಳೆದುಕೊಂಡ. ಇದು ದೊಡ್ಡ ಶಸ್ತ್ರಚಿಕಿತ್ಸೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಗೆ ಹಾಕಿದ ಷರತ್ತೂ ಅದನ್ನೇ ಹೇಳುತ್ತದೆ: ವೈದ್ಯರ ಸಲಹೆ ಇರಬೇಕು, ಹದಿನೆಂಟು ದಾಟಿರಬೇಕು, ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 40 ಮುಟ್ಟಿರಬೇಕು, ಇಲ್ಲವೇ 35ರ ಜೊತೆಗೆ ಹೃದ್ರೋಗ, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆ ಇರಬೇಕು.

ನನಗೆ ಈಗ ಇನ್ಸುಲಿನ್ ಬೇಡ, ಮೆಟ್ಟಿಲು ಹತ್ತುತ್ತೇನೆ. ಆಪರೇಷನ್ ಮಾಡಿಸಿಕೊಂಡದ್ದಕ್ಕೆ ಸಮಾಧಾನವಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಮಾಡಿಸಿಕೊಂಡಿದ್ದರೆ ಅವರ ಎಲೆಗೆ ಬಲವಂತವಾಗಿ ಬಡಿಸಬೇಡಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಬಿ12 ಎಷ್ಟಿದೆ ಎಂದು ನೀವೇ ಕೇಳಿ ತಿಳಿದುಕೊಳ್ಳಿ. ಹಾಗೇ, ಹುಣ್ಣಿಗೆ ಹೊಟ್ಟೆ ಕೊಯ್ಸಿಕೊಂಡ ಅಜ್ಜನಿಗೆ ಅಡಿಗೆ ಮಾಡಿ ಹಾಕಿದ ಅಜ್ಜಿಯೊಬ್ಬರು ನಿಮ್ಮ ನೆಂಟರಲ್ಲಿ ಇನ್ನೂ ಇದ್ದರೆ, ಏನು, ಎಷ್ಟು, ಯಾವ ಹೊತ್ತಿಗೆ ಬಡಿಸುತ್ತಿದ್ದಿರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ.